ನೋಮಿನ ಕಜ್ಜಾಯ: ಪಾಕದ ಹದ ಹೇಗೆ, ಎಷ್ಟು ದಿನ ಮುಂಚೆ ಶುರು ಮಾಡಬೇಕು?

ಹೊಸಿಲು (ಚಿಕ್ಕಬಳ್ಳಾಪುರ)

ಅಕ್ಕಂದಿರಿಗೆಲ್ಲ ನಮಸ್ಕಾರ. ಮದುವೆಯಾಗಿ ಇದು ಎರಡನೇ ದೀಪಾವಳಿ. ಮೊದಲನೆಯದು ತವರಲ್ಲೇ ಆಯಿತು, ಹಾಗಾಗಿ ಅತ್ತೆಮನೆಯ ಕೇದಾರೇಶ್ವರನ ನೋಮಿಗೆ, ಅಂದರೆ ವ್ರತಕ್ಕೆ, ಕಜ್ಜಾಯ ಮಾಡುವ ಭಾಗ್ಯ ಈ ವರ್ಷ ನನ್ನದು. ಬೆಳಗ್ಗೆ ರಂಗೋಲಿ ಬಿಡುವ ಹೊತ್ತಿಗೆ ಗಾಳಿ ತಣ್ಣಗಿರುತ್ತೆ. ಊರಾಚೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು ಹಳದಿಗೆ ತಿರುಗಿದೆ. ಈ ದಿನಗಳಲ್ಲಿ ಮನೆಕೆಲಸ ಮಾಡೋದೇ ಒಂದು ಖುಷಿ, ಅದಕ್ಕೇ ಎಲ್ಲವನ್ನೂ ಸರಿಯಾಗಿ ಕಲಿತು ಮಾಡಬೇಕು ಅನ್ನೋ ಆಸೆ.

ಕೇಳಬೇಕಾದ್ದು ಇಷ್ಟು. ಅಂಗಡಿಯಲ್ಲಿ ಸಿಗುವ ಅಕ್ಕಿಹಿಟ್ಟಿನಲ್ಲಿ ಕಜ್ಜಾಯ ಆಗುತ್ತಾ? ಕೆಲವರದು ಎಣ್ಣೆಯಲ್ಲಿ ಕರಗಿ ಚೂರುಚೂರಾಗುತ್ತೆ, ಕೆಲವರದು ಕಲ್ಲಾಗುತ್ತೆ, ಯಾಕೆ? ಹಿಟ್ಟು ಎಷ್ಟು ದಿನ ಇಡಬೇಕು? ದಸರೆಗೂ ದೀಪಾವಳಿಗೂ ನಡುವಿನ ಈ ದಿನಗಳಲ್ಲಿ ಮನೆಯಲ್ಲಿ ಮಾಡಿಕೊಳ್ಳಬೇಕಾದ ಬೇರೆ ಕೆಲಸ ಇದ್ದರೂ ಹೇಳಿ.

ಗಸಗಸೆ (ಕೋಲಾರ)

ತಂಗಿ, ಮೊದಲ ಪ್ರಶ್ನೆಗೆ ನೇರ ಉತ್ತರ: ಆಗಲ್ಲ. ಅಂಗಡಿ ಹಿಟ್ಟು ಒಣಗಿದ್ದು. ಪಾಕಕ್ಕೆ ಹಾಕಿದ ಕೂಡಲೇ ಪಾಕದ ನೀರನ್ನೆಲ್ಲ ಕುಡಿದುಬಿಡುತ್ತೆ, ತಟ್ಟುವಾಗ ಅಂಚು ಬಿರಿಯುತ್ತೆ, ಕರಿದರೆ ಗಟ್ಟಿ. ಕಜ್ಜಾಯಕ್ಕೆ ಬೇಕಾದ್ದು ನೆನೆದ ಅಕ್ಕಿಯ ಹಸಿ ಹಿಟ್ಟು. ಅರ್ಧ ಗುಟ್ಟು ಅಲ್ಲೇ ಇದೆ, ಉಳಿದರ್ಧ ಪಾಕದಲ್ಲಿ.

ಒಂದು ಕೆಜಿ ಅಕ್ಕಿ ಲೆಕ್ಕದಲ್ಲಿ ಹೇಳ್ತೀನಿ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿದರೆ ಸುಮಾರು 40 ಕಜ್ಜಾಯ ಆಗುತ್ತೆ. ನೋಮಿಗೆ 21 ಎಳೆಯ ದಾರ, 21 ಕಜ್ಜಾಯ. ಎಲೆ, ಅಡಿಕೆ, ಬಾಳೆಹಣ್ಣು ಕೂಡ 21ರ ಲೆಕ್ಕವೇ. ವಿಜಯದಶಮಿಯಿಂದ ಅಮಾವಾಸ್ಯೆವರೆಗೆ ಎಣಿಸಿ ನೋಡು, 21 ತಿಥಿ ಬರುತ್ತೆ. ನಿಮ್ಮ ಮನೆಯಲ್ಲಿ ಎಷ್ಟು ದಾರ ನೋಮುತ್ತಾರೆ ಅಂತ ಅತ್ತೆಯನ್ನು ಮೊದಲೇ ಕೇಳಿಕೊಂಡು ಅಕ್ಕಿ ಅಳೆ. ಒಂದೊಂದು ಮನೆಯ ಪದ್ಧತಿ ಒಂದೊಂದು ಥರ.

ಅಕ್ಕಿ ದೋಸೆ ಅಕ್ಕಿಯಾದರೆ ಚೆನ್ನ, ಸೋನಾ ಮಸೂರಿಯೂ ಆಗುತ್ತೆ. ಕುಸುಬಲಕ್ಕಿ ಬೇಡ. ಎರಡು ಮೂರು ನೀರಿನಲ್ಲಿ ತೊಳೆದು ರಾತ್ರಿಯಿಡೀ ನೆನೆಹಾಕು. ಎರಡು ಮೂರು ದಿನ ನೆನೆಸುವವರೂ ಇದ್ದಾರೆ, ಅವರು ದಿನಾ ನೀರು ಬದಲಿಸಲೇಬೇಕು, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತೆ. ಬೆಳಗ್ಗೆ ಬಸಿದು, ಬಿಳಿ ಪಂಚೆಯ ಮೇಲೆ ನೆರಳಲ್ಲಿ ಹರಡು. ಬಿಸಿಲಿಗೆ ಹಾಕಬೇಡ. ಗಾಳಿಯಾಡುವ ಕಡೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಚಿತ್ತಾ ಮಳೆಯೋ ಸ್ವಾತಿ ಮಳೆಯೋ ಹಿಡಿದುಕೊಂಡಿದ್ದರೆ ಇನ್ನೂ ಅರ್ಧ ಗಂಟೆ ಬೇಕಾಗಬಹುದು, ಆಗ ಫ್ಯಾನಿನ ಕೆಳಗೆ ಹರಡು. ಗಡಿಯಾರಕ್ಕಿಂತ ಕೈಯನ್ನು ನಂಬು: ಒಂದು ಹಿಡಿ ಅಕ್ಕಿ ಹಿಡಿದು ಬಿಟ್ಟರೆ ಅಂಗೈ ಒದ್ದೆಯಾಗಬಾರದು, ಆದರೆ ನಾಕು ಕಾಳಾದರೂ ಅಂಟಿಕೊಂಡಿರಬೇಕು.

ಬೀಸಿದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿ. ಮುಷ್ಟಿಯಲ್ಲಿ ಒತ್ತಿದರೆ ಮುದ್ದೆಯಾಗಿ ನಿಲ್ಲಬೇಕು, ಬೆರಳಲ್ಲಿ ತಾಗಿಸಿದರೆ ಉದುರಬೇಕು. ಜರಡಿಯಾದ ತಕ್ಷಣ ಪಾತ್ರೆಯಲ್ಲಿ ಒತ್ತಿ ತುಂಬಿ ಮುಚ್ಚಿಡು. ಹರಡಿಕೊಂಡು ಬಿಟ್ಟರೆ ಪಾಕ ಆಗುವಷ್ಟರಲ್ಲಿ ಅದೂ ಅಂಗಡಿ ಹಿಟ್ಟಿನ ಹಾಗೇ ಒಣಗಿರುತ್ತೆ.

ಈಗ ಪಾಕ. ಮುಕ್ಕಾಲು ಕೆಜಿ ಬೆಲ್ಲ, ಒಂದು ದೊಡ್ಡ ಲೋಟ ನೀರು. ಬೆಲ್ಲ ಕರಗಿದ ಮೇಲೆ ಇಳಿಸಿ ಬಟ್ಟೆಯಲ್ಲಿ ಸೋಸು. ಬೆಲ್ಲದಲ್ಲಿ ಕಬ್ಬಿನ ಸಿಪ್ಪೆ, ಮಣ್ಣು ಇದ್ದೇ ಇರುತ್ತೆ. ಮತ್ತೆ ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿಗೆ ಇಡು. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ತಣ್ಣೀರು ಇರಲಿ. ನೊರೆ ಮೇಲೆದ್ದ ಮೇಲೆ ಕಣ್ಣು ತೆಗೆಯಬೇಡ, ನಿಮಿಷಕ್ಕೊಂದು ಸಲ ಒಂದು ಹನಿ ಪಾಕ ನೀರಿಗೆ ಬಿಡು. ನೀರಲ್ಲಿ ಹರಡಿ ಕರಗಿದರೆ ಇನ್ನೂ ಎಳೆಪಾಕ. ಬೆರಳಿಂದ ಗುಡಿಸಿದರೆ ಒಟ್ಟಾಗಿ ಮೆತ್ತನೆ ಉಂಡೆಯಾಗಿ ಬಂದು, ಕೈಮೇಲೆ ಇಟ್ಟಾಗ ಮೆಲ್ಲಗೆ ಕುಸಿದರೆ ಅದೇ ಹದ. ಅಡುಗೆಯ ಥರ್ಮಾಮೀಟರ್ ಇದ್ದರೆ 112ರಿಂದ 115 ಡಿಗ್ರಿ ಸೆಲ್ಸಿಯಸ್ ತೋರಿಸುತ್ತೆ. ಉಂಡೆಯನ್ನು ತಟ್ಟೆಗೆ ಎಸೆದರೆ ಟಣ್ ಅಂದರೆ ಅದು ಕಡ್ಲೆಕಾಯಿ ಚಿಕ್ಕಿಯ ಪಾಕ, ಕಜ್ಜಾಯಕ್ಕೆ ಮೀರಿತು. ಹಿಟ್ಟು ಹಾಕುವ ಮುಂಚೆಯಾದರೆ ಭಯವಿಲ್ಲ, ಅರ್ಧ ಲೋಟ ಬಿಸಿನೀರು ಹಾಕಿ ಮತ್ತೆ ಕುದಿಸಿ ಹದಕ್ಕೆ ತಾ.

ಹದ ಬಂದ ಕ್ಷಣ ಒಲೆಯಿಂದ ಕೆಳಗಿಳಿಸು. ಒಲೆ ಆರಿಸಿದರಷ್ಟೇ ಸಾಲದು, ಪಾತ್ರೆಯ ಬಿಸಿಗೇ ಪಾಕ ಏರುತ್ತಾ ಹೋಗುತ್ತೆ. ಏಲಕ್ಕಿ ಎಂಟು ಹತ್ತು, ಎಳ್ಳು ಎರಡು ಚಮಚ, ಗಸಗಸೆ ಎರಡು ಚಮಚ, ಸಣ್ಣಗೆ ತುರಿದ ತಿಪಟೂರು ಕೊಬ್ಬರಿ ಒಂದು ಹಿಡಿ. ಕೊಬ್ಬರಿ ಆಸೆಪಟ್ಟು ಜಾಸ್ತಿ ಹಾಕಬಾರದು, ಎಣ್ಣೆಯಲ್ಲಿ ಕಜ್ಜಾಯ ಒಡೆಯೋದಕ್ಕೆ ಅದೂ ಒಂದು ಕಾರಣ. ಆಮೇಲೆ ಒಬ್ಬರು ಹಿಟ್ಟು ಉದುರಿಸುತ್ತಾ ಇರಬೇಕು, ಇನ್ನೊಬ್ಬರು ಮರದ ಕೋಲಲ್ಲಿ ತಿರುವುತ್ತಾ ಇರಬೇಕು. ಒಬ್ಬಳೇ ಮಾಡಲು ಹೋಗಬೇಡ, ಯಜಮಾನರನ್ನು ಕರೆದು ಕೋಲು ಕೊಡು.

ಹಿಟ್ಟನ್ನೆಲ್ಲ ಸುರಿಯಬೇಡ. ಒಂದು ದೊಡ್ಡ ಬಟ್ಟಲಷ್ಟು ಹಿಂದೆ ಉಳಿಸಿಕೋ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಕೋಲಿಂದ ದಪ್ಪಗೆ ಜಾರುವ ಹಾಗಿದ್ದಾಗಲೇ ನಿಲ್ಲಿಸು. ನೋಡಿದರೆ ನೀರಾಯಿತೇನೋ ಅನ್ನಿಸುತ್ತೆ, ಬೆಳಗ್ಗೆಗೆ ತಾನಾಗೇ ಬಿಗಿಯುತ್ತೆ. ಮೇಲೆ ಎರಡು ಚಮಚ ತುಪ್ಪ ಸವರಿ, ಬಟ್ಟೆ ಕಟ್ಟಿ ಇಡು. ಕಡಿಮೆ ಅಂದರೆ ಒಂದು ರಾತ್ರಿ, ಎರಡು ದಿನ ಆದರೆ ಇನ್ನೂ ಮೃದು, ಯಾಕಂದರೆ ಪಾಕದ ತೇವ ಹಿಟ್ಟಿನ ಕಣಕಣಕ್ಕೂ ಇಳಿಯಲು ಅಷ್ಟು ಹೊತ್ತು ಬೇಕು.

ಕರಿಯಲು ಕಡ್ಲೆಕಾಯಿ ಎಣ್ಣೆ. ಬಾಳೆಎಲೆಗೆ ಎಣ್ಣೆ ಸವರಿ, ಅಂಗೈ ಅಗಲ, ಕಾಲು ಇಂಚು ದಪ್ಪ ತಟ್ಟು. ಎಣ್ಣೆಗೆ ಚೂರು ಹಿಟ್ಟು ಹಾಕಿದರೆ ಮೆಲ್ಲಗೆ ಮೇಲೆ ಬರಬೇಕು. ಸರ್ರಂತ ಬಂದರೆ ಕಾವು ಜಾಸ್ತಿ: ಬೆಲ್ಲ ಬೇಗ ಕಪ್ಪಾಗುತ್ತೆ, ಒಳಗೆ ಹಸಿ ಉಳಿಯುತ್ತೆ. ಒಂದು ಸಲಕ್ಕೆ ಒಂದೇ ಬಿಡು, ತಾನಾಗಿ ಮೇಲೆ ಬರುವವರೆಗೂ ಮುಟ್ಟಬೇಡ. ಮಗುಚಿ, ಎರಡೂ ಕಡೆ ಕೆಂಪಾದ ಮೇಲೆ ಎರಡು ಚಪ್ಪಟೆ ಜಾಲರಿ ಸೌಟಿನ ನಡುವೆ ಇಟ್ಟು ಎಣ್ಣೆ ಒತ್ತಿ ತೆಗೆ.

ಮೊದಲನೆಯದು ಕರಗಿದರೆ ಪಾಕ ಎಳೆಯದಾಗಿತ್ತು ಅಂತ ಅರ್ಥ. ಉಳಿಸಿಟ್ಟ ಹಿಟ್ಟು ಇರೋದೇ ಇದಕ್ಕೆ, ಎರಡು ಹಿಡಿ ಸೇರಿಸಿ ಚೆನ್ನಾಗಿ ನಾದಿ ಅರ್ಧ ಗಂಟೆ ಬಿಟ್ಟು ನೋಡು. ಗಟ್ಟಿಯಾಗಿ ಬಿರಿದರೆ ಬೆಚ್ಚಗಿನ ಹಾಲು ಒಂದೊಂದೇ ಚಮಚ ಚಿಮುಕಿಸಿ ನಾದು. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲವಲ್ಲ, ಆರಿದ ಒಂದನ್ನು ಮುರಿದು ನೋಡಿದರೆ ಸಾಕು. ಒಳಗೆ ಸಣ್ಣ ಸಣ್ಣ ತೂತು ಕಂಡು, ಎಳೆದ ಕಡೆ ಮೆತ್ತಗೆ ಬಿಟ್ಟುಕೊಂಡರೆ ಹದ ಸರಿಯಾಗಿದೆ.

ಕೊಡದ ನೀರು (ಶಿಡ್ಲಘಟ್ಟ)

ಗಸಗಸೆ ಅಕ್ಕ ಎಲ್ಲಾ ಹೇಳಿದ್ದಾರೆ, ಗಿರಣಿ ವಿಷಯ ಒಂದು ಸೇರಿಸ್ತೀನಿ. ಹಸಿ ಅಕ್ಕಿ ಕಲ್ಲಿಗೆ ಮೆತ್ತಿಕೊಳ್ಳುತ್ತೆ ಅಂತ ಮಾಮೂಲಿ ದಿನಗಳಲ್ಲಿ ಗಿರಣಿಯವರು ಒಪ್ಪಲ್ಲ. ಹಬ್ಬಕ್ಕೆ ಮೂರು ನಾಕು ದಿನ ಇರುವಾಗ ಕಜ್ಜಾಯದ ಅಕ್ಕಿಗೇ ಅಂತ ಬೇರೆ ಹೊತ್ತು ಇಡುತ್ತಾರೆ. ಯಾವಾಗ ಅಂತ ಹಿಂದಿನ ದಿನವೇ ಕೇಳಿ, ಅದಕ್ಕೆ ಸರಿಹೊಂದುವ ಹಾಗೆ ನೆನೆಹಾಕಿ. ರಾಗಿ ಬೀಸಿದ ಬೆನ್ನಿಗೇ ಹಾಕಿಸಬೇಡಿ, ಹಿಟ್ಟು ಕಪ್ಪಾಗುತ್ತೆ. ಖಾರದಪುಡಿ ಮಾಡುವ ಯಂತ್ರವಾದರೆ ಹತ್ತಿರವೂ ಹೋಗಬೇಡಿ.

ಮಿಕ್ಸಿಯಾದರೆ ಎರಡೆರಡು ಹಿಡಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಜಾರು ಬಿಸಿಯಾದರೆ ಹಿಟ್ಟಿನ ತೇವ ಹೋಗುತ್ತೆ. ಜರಡಿಯಲ್ಲಿ ಉಳಿಯುವ ತರಿ ಕಜ್ಜಾಯಕ್ಕೆ ಬೇಡ, ದೋಸೆಗೆ ಸೇರಿಸಿಕೊಳ್ಳಿ.

ಡಬ್ಬಿಗೆ ತುಂಬುವ ಆತುರವೂ ಬೇಡ. ಕಜ್ಜಾಯವನ್ನು ಬಿದಿರಿನ ಮೊರದಲ್ಲಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಪೂರ್ತಿ ಆರಬೇಕು. ಬಿಸಿ ಇದ್ದಾಗ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ನಿಂತು ನಾಕೇ ದಿನಕ್ಕೆ ಬೂಸ್ಟು ಹಿಡಿಯುತ್ತೆ. ಆರಿಸಿಟ್ಟರೆ ಹತ್ತು ಹದಿನೈದು ದಿನ ಆರಾಮಾಗಿ ಇರುತ್ತೆ.

ಜರಿ ಅಂಚು (ತುಮಕೂರು)

ಬೇರೆ ಕೆಲಸ ಏನು ಅಂತ ಕೇಳಿದ್ದೀರಲ್ಲ, ಮದುವೆಯ ರೇಷ್ಮೆ ಸೀರೆಗಳನ್ನು ಹೊರಗೆ ತೆಗೆಯಲು ಇದೇ ಸಮಯ. ಮುಂಗಾರಿನ ತೇವ ಬೀರುವಿನೊಳಗೆ ಕೂತಿರುತ್ತೆ. ಮಳೆ ಬಿಟ್ಟ ಒಂದು ಒಣ ದಿನ ನೋಡಿ, ಹತ್ತು ಗಂಟೆಯ ಮೇಲೆ, ನೆರಳಲ್ಲಿ ದಪ್ಪ ಹಗ್ಗದ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಹರವಿ. ಬಿಸಿಲು ಬಿದ್ದರೆ ಬಣ್ಣ ಮಾಸುತ್ತೆ, ತಂತಿಯ ಮೇಲೆ ನೇರವಾಗಿ ಹಾಕಿದರೆ ತುಕ್ಕಿನ ಗೀಟು ಬೀಳುತ್ತೆ. ಎರಡು ಗಂಟೆ ಸಾಕು, ಸಂಜೆಯ ತಂಪಿಗೆ ಮುಂಚೆ ಒಳಗೆ ತನ್ನಿ.

ಮಡಿಸುವಾಗ ಹಳೇ ಮಡಿಕೆಯಲ್ಲೇ ಮಡಿಸಬಾರದು. ಜರಿ ಲೋಹದ ಎಳೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿದರೆ ಮುರಿಯುತ್ತೆ, ರೇಷ್ಮೆಯೂ ಅಲ್ಲೇ ಸೀಳುತ್ತೆ. ಮೂರಕ್ಕೆ ಮಡಿಸಿದ್ದನ್ನು ಈ ಸಲ ನಾಕಕ್ಕೆ ಮಡಿಸಿ. ನುಸಿಗುಳಿಗೆ ಸೀರೆಗೆ ತಾಗಬಾರದು, ಜರಿ ಕಪ್ಪಾಗುತ್ತೆ. ಪ್ಲಾಸ್ಟಿಕ್ ಕವರು ತೆಗೆದುಹಾಕಿ, ಹಳೇ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪಂಚೆ ಗಂಜಿ ಹಾಕಿದ್ದಾಗಿರಬಾರದು, ಗಂಜಿಗೆ ಹುಳ ಬರುತ್ತೆ. ಸೆಂಟು ಸೀರೆಯ ಮೇಲೆ ಹೊಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಧಾರೆ ಸೀರೆ ಬಿಚ್ಚಿದಾಗ ಅರಿಶಿನದ ಕಲೆ ಕಂಡರೆ ಸೋಪು ಹಾಕಿ ಉಜ್ಜಬೇಡಿ, ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತೆ. ಹಾಗೇ ಡ್ರೈಕ್ಲೀನಿಗೆ ಕೊಡಿ, ಇದು ಅರಿಶಿನದ ಕಲೆ ಅಂತ ಬಾಯಿಬಿಟ್ಟು ಹೇಳಿ ಕೊಡಿ.

ಚೆಂಡುಹೂವು (ಚಿಂತಾಮಣಿ)

ಹೂವಿನ ಬಗ್ಗೆ ಸ್ವಲ್ಪ. ಹಬ್ಬಕ್ಕೆ ಎರಡು ದಿನ ಮುಂಚೆ ಚೆಂಡುಹೂವು ತಂದರೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ತೊಟ್ಟಿನ ಬುಡದಲ್ಲಿ ನೀರು ನಿಂತು ಅಲ್ಲಿಂದಲೇ ಕೊಳೆಯುತ್ತೆ, ಮೇಲೆ ನೋಡಿದರೆ ಹೊಸದರ ಹಾಗೇ ಇರುತ್ತೆ, ಪೋಣಿಸಲು ಹೋದಾಗ ದಳವೆಲ್ಲ ಕೈಗೆ ಬರುತ್ತೆ. ಬಿದಿರು ಬುಟ್ಟಿಯಲ್ಲಿ ಸಡಿಲವಾಗಿ ಹರಡಿ, ಹಿಂಡಿದ ಒದ್ದೆ ಬಟ್ಟೆ ಮೇಲೆ ಹೊದಿಸಿ ತಂಪಾದ ಕಡೆ ಇಡಿ. ಸೇವಂತಿಗೆ ಇದಕ್ಕಿಂತ ಹೆಚ್ಚು ದಿನ ತಾಳುತ್ತೆ, ಅದನ್ನು ಮೊದಲು ತಂದರೂ ಪರವಾಗಿಲ್ಲ.

ಕುಂಡದಲ್ಲಿ ಬೆಳೆಯುವ ಆಸೆ ಇದ್ದರೆ ಮುಂದಿನ ವರ್ಷ ಲೆಕ್ಕ ಹೀಗಿಟ್ಟುಕೊಳ್ಳಿ: ಬೀಜ ಹಾಕಿ ಹೂವು ಬರಲು ಸುಮಾರು ಎರಡು ತಿಂಗಳು. ಗೋಕುಲಾಷ್ಟಮಿಗೆ ಬಿತ್ತಿದರೆ ದೀಪಾವಳಿ ಹೊತ್ತಿಗೆ ತುಂಬಾ ಹೂವು. ಒಂದು ತಿಂಗಳಿಗೆ ಸುಳಿ ಚಿವುಟಿ, ಪಕ್ಕದ ಕವಲು ಒಡೆದು ಗಿಡ ಪೊದೆಯಾಗುತ್ತೆ. ಮಾರುಕಟ್ಟೆಯ ದಪ್ಪ ಚೆಂಡಿನಿಂದ ತೆಗೆದ ಬೀಜ ನೆಚ್ಚಬೇಡಿ, ಹೈಬ್ರಿಡ್ ಆಗಿದ್ದರೆ ಮರಿಗಿಡದ ಹೂವು ತಾಯಿಯ ಹಾಗೆ ಬರಲ್ಲ. ನಾಟಿ ಹೂವು ಸಿಕ್ಕಿದರೆ ಗಿಡದಲ್ಲೇ ಒಣಗಲು ಬಿಟ್ಟು ಬೀಜ ತೆಗೆದಿಡಿ.

ಹೊಸಿಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಹಿಟ್ಟು ಮುಷ್ಟಿಯಲ್ಲಿ ಒತ್ತಿ ನೋಡೋದು, ಉಳಿಸಿಟ್ಟ ಹಿಟ್ಟಲ್ಲಿ ಸರಿಮಾಡೋದು, ಈ ಎರಡು ತಿಳಿದ ಮೇಲೆ ಧೈರ್ಯ ಬಂತು. ಇನ್ನೊಂದು ಮಾತ್ರ: ನಮ್ಮನೆ ಪೂಜೆ ಅಮಾವಾಸ್ಯೆ ಸಂಜೆ. ನೀರು ತುಂಬೋ ಹಬ್ಬ, ಎಣ್ಣೆಸ್ನಾನ ಎಲ್ಲ ಮಧ್ಯೆ ಬರುತ್ತಲ್ಲ, ದಿನ ಹೇಗೆ ಹೊಂದಿಸಿಕೊಳ್ಳಲಿ?

ಗಸಗಸೆ (ಕೋಲಾರ)

ಏಕಾದಶಿ ರಾತ್ರಿ ಅಕ್ಕಿ ನೆನೆಹಾಕು. ದ್ವಾದಶಿ ಬೆಳಗ್ಗೆ ಬಸಿದು ಆರಿಸಿ ಗಿರಣಿಗೆ ಕಳಿಸು, ಅದೇ ಸಂಜೆ ಪಾಕ ಹಿಡಿದು ಹಿಟ್ಟು ಸೇರಿಸಿ ಕಟ್ಟಿಡು. ತ್ರಯೋದಶಿ ದಿನ ಕಜ್ಜಾಯದ ಹಿಟ್ಟನ್ನು ಮುಟ್ಟಬೇಡ. ಅವತ್ತು ಹಂಡೆ ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಸುತ್ತಿ ನೀರು ತುಂಬುವಷ್ಟರಲ್ಲಿ ಸಂಜೆಯಾಗಿರುತ್ತೆ. ಚತುರ್ದಶಿ ಎಣ್ಣೆಸ್ನಾನ ಮುಗಿದ ಮೇಲೆ ಒಂದೇ ಒಂದು ಉಂಡೆ ಕರಿದು ನೋಡು, ಸರಿಮಾಡಬೇಕಾದ್ದಿದ್ದರೆ ರಾತ್ರಿಯೆಲ್ಲ ಸಮಯ ಇದೆ. ಅಮಾವಾಸ್ಯೆ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ನೋಮಿನ 21 ಮೊದಲು ಕರಿದು, ಎಣಿಸಿ, ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟುಬಿಡು. ಮನೆಮಂದಿಗೆ, ಅಕ್ಕಪಕ್ಕಕ್ಕೆ ಆಮೇಲೆ ಕರಿದರಾಯಿತು. ಬಾಳೆಎಲೆ ಹಿಂದಿನ ದಿನವೇ ತರಿಸಿಕೋ, ಹಬ್ಬದ ಬೆಳಗ್ಗೆ ಮಾರುಕಟ್ಟೆಯಲ್ಲಿ ಹರಿದ ಎಲೆಯೇ ಉಳಿದಿರುತ್ತೆ.