ರಕ್ತದಿಂದ ಮ್ಯಾಗ್ನೆಟಿಕ್ ಬೀಡ್ ಡಿಎನ್‌ಎ: ಇಳುವರಿ ಕಡಿಮೆ, 260/230 ಬರೀ 0.6

ಪ್ರಶ್ನೆ

ರಕ್ತದಿಂದ ಡಿಎನ್‌ಎ ಬೇರ್ಪಡಿಸುತ್ತಿದ್ದೇನೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತ 200 ಮೈಕ್ರೋಲೀಟರ್. ಪ್ರೋಟೀನ್ ಒಡೆಯುವ ಕಿಣ್ವ ಪ್ರೋಟೀನೇಸ್ ಕೆ 20, ಗ್ವಾನಿಡೀನ್ ಎಂಬ ಲವಣ ಇರುವ ಲೈಸಿಸ್ (ಕೋಶ ಒಡೆಯುವ) ಬಫರ್ 200. 56 ಡಿಗ್ರಿಯಲ್ಲಿ 10 ನಿಮಿಷ. ಆಮೇಲೆ ಐಸೊಪ್ರೊಪನಾಲ್, ಡಿಎನ್‌ಎ ಅಂಟಿಕೊಳ್ಳುವ ಸಿಲಿಕಾ ಲೇಪಿತ ಬೀಡ್ (ಕಾಂತೀಯ ಸಣ್ಣ ಮಣಿ) 20 ಮೈಕ್ರೋಲೀಟರ್. ಮ್ಯಾಗ್ನೆಟ್ ಮೇಲೆ 1 ನಿಮಿಷ, ಎರಡು ವಾಶ್, 20 ನಿಮಿಷ ಒಣಗಿಸುವುದು, ಕೊನೆಗೆ 50 ಮೈಕ್ರೋಲೀಟರ್ ನೀರಿನಲ್ಲಿ ಎಲ್ಯೂಷನ್ (ಬೀಡ್‌ನಿಂದ ಡಿಎನ್‌ಎ ಬಿಡಿಸುವುದು). ಸಿಗುತ್ತಿರುವುದು ಮೈಕ್ರೋಲೀಟರಿಗೆ 18 ನ್ಯಾನೊಗ್ರಾಂ. ಶುದ್ಧತೆ ತೋರಿಸುವ ಬೆಳಕು ಹೀರುವಿಕೆಯ ಅನುಪಾತಗಳಲ್ಲಿ 260/280 (ಕಡಿಮೆಯಿದ್ದರೆ ಪ್ರೋಟೀನ್ ಕಲ್ಮಶ) 1.7, 260/230 (ಕಡಿಮೆಯಿದ್ದರೆ ಗ್ವಾನಿಡೀನ್‌ನಂಥ ಕಲ್ಮಶ) 0.6. ಎಲ್ಯೂಷನ್ ತಿಳಿ ಕಂದು. ಪಿಸಿಆರ್ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಬೀಡ್ ಹೆಚ್ಚಿಸಿದರೆ ಸರಿಹೋಗುತ್ತಾ?

ಉತ್ತರ 1

ಬೀಡ್ ಹೆಚ್ಚಿಸುವ ಮೊದಲು ಲೆಕ್ಕ ಹಾಕಿ. ಆರೋಗ್ಯವಂತರ ರಕ್ತದಲ್ಲಿ ಮೈಕ್ರೋಲೀಟರಿಗೆ ಸುಮಾರು 5,000 ದಿಂದ 10,000 ಬಿಳಿ ಕಣ, ಒಂದೊಂದರಲ್ಲಿ 6.6 ಪಿಕೊಗ್ರಾಂ ಡಿಎನ್‌ಎ. ಅಂದರೆ 200 ಮೈಕ್ರೋಲೀಟರಿನಲ್ಲಿ 6.6 ರಿಂದ 13 ಮೈಕ್ರೋಗ್ರಾಂ. ನಿಮಗೆ ಬಂದಿರುವುದು 0.9. ಅದರಲ್ಲೂ ಆರ್‌ಎನ್‌ಎ ಸೇರಿಕೊಂಡಿರಬಹುದು, ಆದ್ದರಿಂದ ಫ್ಲೋರೆಸೆನ್ಸ್ ವಿಧಾನದಲ್ಲಿ ಒಮ್ಮೆ ಅಳೆಯಿರಿ.

ಕಂದು ಬಣ್ಣ ಯಾವುದರದ್ದು ಅಂತ ನೋಡಲು ಎಲ್ಯೂಷನ್ ಟ್ಯೂಬನ್ನು ಮತ್ತೆ 2 ನಿಮಿಷ ಮ್ಯಾಗ್ನೆಟ್ ಮೇಲಿಡಿ. ಬಣ್ಣ ಗೋಡೆಗೆ ಅಂಟಿ ದ್ರವ ತಿಳಿಯಾದರೆ ಅದು ಬೀಡ್. ದ್ರವದಲ್ಲೇ ಉಳಿದರೆ ಹೀಮ್ (ರಕ್ತಕ್ಕೆ ಬಣ್ಣ ಕೊಡುವ ವಸ್ತು), ಅಂದರೆ ಲೈಸಿಸ್ ಅಥವಾ ಮೊದಲ ವಾಶ್ ಸಾಲದು. ಎರಡೂ ಪಿಸಿಆರ್‌ಗೆ ಅಡ್ಡಿ.

ಮ್ಯಾಗ್ನೆಟ್ ಮೇಲೆ 1 ನಿಮಿಷ ಸಾಲದು. ಬೈಂಡಿಂಗ್ (ಡಿಎನ್‌ಎ ಬೀಡ್‌ಗೆ ಅಂಟುವ ಹಂತ) ಮಿಶ್ರಣ ಗಟ್ಟಿ, ಬೀಡ್ ನಿಧಾನಕ್ಕೆ ಸರಿಯುತ್ತದೆ. ಗಡಿಯಾರ ನೋಡಬೇಡಿ, ದ್ರವದಲ್ಲಿ ತೇಲುವ ಕಂದು ಮಬ್ಬು ಹೋಗುವವರೆಗೆ ಕಾಯಿರಿ. 2 ರಿಂದ 5 ನಿಮಿಷ ಬೇಕಾಗುತ್ತೆ. ಬೇಗ ಎಳೆದರೆ ಬೀಡ್ ಜೊತೆಗೇ ಡಿಎನ್‌ಎಯೂ ಕಸದ ಬಾಟಲಿಗೆ.

ಉತ್ತರ 2

ಇಳುವರಿ ತಿನ್ನುತ್ತಿರುವುದು ಆ 20 ನಿಮಿಷದ ಒಣಗಿಸುವಿಕೆ ಅಂತ ನನ್ನ ಅನುಮಾನ. ಪೆಲೆಟ್ (ಒಟ್ಟುಗೂಡಿದ ಬೀಡ್ ಗುಡ್ಡೆ) ಬಿರುಕು ಬಿಟ್ಟಿತೆಂದರೆ ಮುಗಿಯಿತು, ಡಿಎನ್‌ಎ ಬಿಡಿಸಿಕೊಳ್ಳುವುದೇ ಇಲ್ಲ. ಮುಚ್ಚಳ ತೆರೆದು ಸುಮಾರು 5 ನಿಮಿಷ, ಹೊಳಪು ಹೋಗಿ ಮಂಕಾದರೆ ಸಾಕು. ತೀರಾ ಹಸಿಯಾಗಿಯೂ ಬಿಡಬೇಡಿ. ಎಥನಾಲ್ ಉಳಿದರೆ ಪಿಸಿಆರ್ ಕೆಡುತ್ತದೆ, ಜೆಲ್ ಬಾವಿಯಿಂದ ಸ್ಯಾಂಪಲ್ ತೇಲಿ ಹೋಗುತ್ತದೆ.

ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಆಮ್ಲೀಯವಾಗುತ್ತದೆ. ಸಿಲಿಕಾ ಡಿಎನ್‌ಎಯನ್ನು ಬಿಡಲು ಉಪ್ಪು ಕಡಿಮೆ, ಪಿಎಚ್ ತುಸು ಹೆಚ್ಚು ಬೇಕು. ಪಿಎಚ್ 8.5 ಇರುವ 10 ಮಿಲಿಮೋಲಾರ್ ಟ್ರಿಸ್ ಬಫರ್ ಬಳಸಿ, 65 ಡಿಗ್ರಿಯಲ್ಲಿ 5 ನಿಮಿಷ, ನಡುವೆ ಎರಡು ಸಲ ಕಲಕಿ.

0.6ಕ್ಕೆ ಕಾರಣ ಬಹುತೇಕ ಗ್ವಾನಿಡೀನ್. ಟ್ಯೂಬ್ ಮ್ಯಾಗ್ನೆಟ್ ಮೇಲಿರುವಾಗಲೇ ವಾಶ್ ಸುರಿದರೆ ಪೆಲೆಟ್ಟಿನ ಹೊರಮೈ ಮಾತ್ರ ತೊಳೆದಂತೆ. ಹೊರತೆಗೆದು ಬೀಡ್ ಪೂರ್ತಿ ಬಿಡಿಬಿಡಿಯಾಗುವಂತೆ ಕಲಕಬೇಕು. ಎರಡನೇ ವಾಶ್‌ಗೆ ಹೊಸ ಟ್ಯೂಬಿಗೆ ವರ್ಗಾಯಿಸಿ, ಹಳೆಯದರ ಮುಚ್ಚಳ ಮತ್ತು ಗೋಡೆಯಲ್ಲಿ ಗ್ವಾನಿಡೀನ್ ಅಂಟಿರುತ್ತೆ. ಕೊನೆಯ ವಾಶ್ ಆದ ಮೇಲೆ ಒಂದು ಕ್ಷಣ ಸೆಂಟ್ರಿಫ್ಯೂಜ್ ಮಾಡಿ, ಮತ್ತೆ ಮ್ಯಾಗ್ನೆಟ್ ಮೇಲಿಟ್ಟು, ತಳದ ಹನಿಯನ್ನು 10 ಮೈಕ್ರೋಲೀಟರ್ ಟಿಪ್‌ನಲ್ಲಿ ತೆಗೆಯಿರಿ. ಎಥನಾಲ್ ವಾಶ್ ಅಂದಂದೇ ಕಲಸಿ. ಹಳೇ ಬಾಟಲಿಯಲ್ಲಿ ಎಥನಾಲ್ ಹಾರಿಹೋಗಿ ನೀರಿನ ಪಾಲು ಏರಿದ್ದರೆ ವಾಶ್‌ನಲ್ಲೇ ಡಿಎನ್‌ಎ ಕಳಚುತ್ತದೆ.

ಉತ್ತರ 3

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಒಟ್ಟಿಗೆ ಐದು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಒಂದು ಸ್ಯಾಂಪಲ್‌ನಲ್ಲಿ ಏನನ್ನೂ ಚೆಲ್ಲಬೇಡಿ. ಬೈಂಡಿಂಗ್ ಆದ ಮೇಲಿನ ದ್ರವಕ್ಕೆ ಹೊಸ ಬೀಡ್ ಹಾಕಿ ಪೂರ್ತಿ ಕ್ರಮ ಮಾಡಿ. ಬಳಸಿದ ಬೀಡ್‌ನಿಂದ ಇನ್ನೊಂದು ಎಲ್ಯೂಷನ್ ತೆಗೆಯಿರಿ. ಮೊದಲನೆಯದರಲ್ಲಿ ಡಿಎನ್‌ಎ ಬಂದರೆ ತಪ್ಪು ಬೈಂಡಿಂಗ್‌ನದು, ಎರಡನೆಯದರಲ್ಲಿ ಬಂದರೆ ಎಲ್ಯೂಷನ್‌ನದು. ಎರಡರಲ್ಲೂ ಇಲ್ಲದಿದ್ದರೆ ವಾಶ್ ಅಥವಾ ಲೈಸಿಸ್.

ಬೀಡ್ ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ವೋರ್ಟೆಕ್ಸ್ ಮಾಡಿ. ನಿಮಿಷಗಳಲ್ಲೇ ತಳಕ್ಕೆ ಕೂರುತ್ತೆ. ಫ್ರೀಜರ್‌ನಲ್ಲಂತೂ ಇಡಬೇಡಿ, ಗಂಟು ಕಟ್ಟುತ್ತೆ. ಬೈಂಡಿಂಗ್‌ನಲ್ಲಿ ಬೀಡ್ ಲೋಳೆಯಾಗಿ ನೂಲಿನಂತೆ ಎಳೆದರೆ ಲೈಸಿಸ್ ಅರ್ಧಕ್ಕೆ ನಿಂತಿದೆ ಎಂದರ್ಥ.

ಇನ್ನೊಂದು ಮಾತು: ಗ್ವಾನಿಡೀನ್ ತ್ಯಾಜ್ಯಕ್ಕೆ ಬ್ಲೀಚ್ ಸುರಿಯಬೇಡಿ, ವಿಷಾನಿಲ ಬರುತ್ತೆ.

ಪ್ರಶ್ನೆ ಕೇಳಿದವರು

ಕಂದು ಗೋಡೆಗೆ ಅಂಟಿತು, ಅಂದರೆ ಬೀಡ್. ಎರಡನೇ ಎಲ್ಯೂಷನ್ ಟ್ರಿಸ್‌ನಲ್ಲಿ, 65 ಡಿಗ್ರಿಯಲ್ಲಿ ತೆಗೆದಾಗ ಮೈಕ್ರೋಲೀಟರಿಗೆ 41 ಬಂತು.

ಉತ್ತರ 2

ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು, ಹಾಗಿದ್ದರೆ ಒಣಗಿಸುವುದು ಮತ್ತು ಎಲ್ಯೂಷನ್ ಬಫರ್, ಇವೆರಡನ್ನೇ ಮೊದಲು ತಿದ್ದಿ.