ಸಹಾಯ ಬೇಕು: ಮಕ್ಕಳ ಜೊತೆ ಬೇರೆ ಬೇರೆ ದೇಶಗಳ ಈಸ್ಟರ್

ಎಲ್ಲರಿಗೂ ನಮಸ್ಕಾರ. ಈ ಸಲ ಈಸ್ಟರ್‌ಗೆ ಸುಮ್ನೆ ಚಾಕೊಲೇಟ್ ಮೊಟ್ಟೆ ಬಚ್ಚಿಟ್ಟು ಹುಡುಕಿಸುವ ಬದಲು, ಬೇರೆ ದೇಶದವರು ಮಾಡುವುದನ್ನೂ ಮಕ್ಕಳ ಜೊತೆ ಮಾಡೋಣ ಅಂತಿದ್ದೇವೆ. ಮಗನಿಗೆ ಐದು ವರ್ಷ, ಮಗಳಿಗೆ ಒಂಬತ್ತು.

ಗ್ರೀಸಿನ ಆಟ ಅಂತೂ ಖಾಯಂ. ಬೇಯಿಸಿ ಕೆಂಪು ಬಣ್ಣ ಹಾಕಿದ ಮೊಟ್ಟೆ ಹಿಡಿದು ಇಬ್ಬರು ತುದಿಗೆ ತುದಿ ಕುಟ್ಟಬೇಕು. ಯಾರದ್ದು ಒಡೆಯಲ್ಲವೋ ಅವರಿಗೆ ವರ್ಷವಿಡೀ ಅದೃಷ್ಟ. ಈರುಳ್ಳಿ ಸಿಪ್ಪೆ ಕುದಿಸಿ, ಸ್ವಲ್ಪ ವಿನೆಗರ್ ಹಾಕಿ ಅದ್ದಿದರೆ ಇಟ್ಟಿಗೆ ಬಣ್ಣ ಬರುತ್ತಿದೆ. ಒಳ್ಳೇ ಕೆಂಪು ಬರಲು ಏನು ಹಾಕುತ್ತೀರಿ?

ಮಗಳಿಗೆ ಉಕ್ರೇನಿನ ಪಿಸಾಂಕಾ ಮೇಲೆ ಕಣ್ಣು. ಕರಗಿದ ಜೇನುಮೇಣದಲ್ಲಿ ಮೊಟ್ಟೆ ಮೇಲೆ ಗೆರೆ ಎಳೆದು, ತಿಳಿ ಬಣ್ಣದಿಂದ ಶುರುಮಾಡಿ ಗಾಢ ಬಣ್ಣದವರೆಗೆ ಒಂದೊಂದರಲ್ಲೇ ಅದ್ದಿ, ಕೊನೆಗೆ ಮೇಣ ಕರಗಿಸಿ ಒರೆಸಬೇಕು. ಚಂದ ಹೌದು, ಆದರೆ ಉರಿಯುವ ಮೇಣದಬತ್ತಿ ಪಕ್ಕದಲ್ಲಿ ಚಿಕ್ಕವನನ್ನು ಕೂರಿಸೋದು ಹೇಗೆ? ಅವನಿಗೆ ಮೇಣದ ಕ್ರೆಯಾನ್ ಕೊಟ್ಟರೆ ಬಣ್ಣ ಹಿಡಿಯದೆ ಗೆರೆ ಉಳಿಯುತ್ತಾ?

ಪೋಲೆಂಡಿನಲ್ಲಿ ಈಸ್ಟರ್ ಸೋಮವಾರ ಒಬ್ಬರಿಗೊಬ್ಬರು ನೀರೆರಚುತ್ತಾರೆ. ಅದಕ್ಕೆ ಸಲಹೆ ಬೇಡ ಬಿಡಿ, ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ!

ಸ್ವೀಡನ್ ಮಕ್ಕಳ ಹಾಗೆ ತಲೆಗೆ ಬಟ್ಟೆ ಕಟ್ಟಿ ಮಾಟಗಾತಿ ವೇಷ ಹಾಕಿಸಿದವರು ಇದ್ದರೆ, ಮುಖಕ್ಕೆ ಏನು ಬಳಿದಿರಿ ಅಂತಲೂ ಹೇಳಿ.