ನಾಯಿ, ಬೆಕ್ಕಿಗೆ ಡಾಕ್ಟರನ್ನು ಆರಿಸುವಾಗ ಏನು ನೋಡಬೇಕು? ಖರ್ಚು ಕೈಮೀರದಂತೆ ಹೇಗೆ?

ಹೊಸಿಲು:

ಎಂಟು ವಾರದ ಹೆಣ್ಣು ನಾಯಿಮರಿ, ನಾಲ್ಕು ವರ್ಷದ ಗಂಡು ಬೆಕ್ಕು. ಎರಡಕ್ಕೂ ಒಬ್ಬರೇ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಬೇಕು. ಕೈಗೆಟಕುವ ದೂರದಲ್ಲಿ ಮೂರು ಕ್ಲಿನಿಕ್ ಇವೆ. ಒಂದರಲ್ಲಿ ಫೀಸು ಕಡಿಮೆ, ಇನ್ನೊಂದರಲ್ಲಿ ಎಲ್ಲ ಯಂತ್ರಗಳೂ ಇವೆ, ಮೂರನೆಯದು ಮನೆಗೆ ತೀರಾ ಹತ್ತಿರ. ಒಳಗೆ ಹೋಗಿ ನೋಡಿದಾಗ ಯಾವುದನ್ನು ಗಮನಿಸಿ ತೀರ್ಮಾನಿಸಬೇಕು? ಯಾವ ಖರ್ಚನ್ನು ಬಿಡಲೇಬಾರದು, ಯಾವುದನ್ನು ತಗ್ಗಿಸಬಹುದು? ಡಾಕ್ಟರ ಮುಂದೆ ದುಡ್ಡಿನ ಮಾತು ಎತ್ತುವುದು ಹೇಗೆ ಅನ್ನುವುದನ್ನೂ ಬಲ್ಲವರು ಹೇಳಿ.

ಬೂದುಬಾಲ:

ಮೊದಲ ಸಲ ಹೋಗುವಾಗ ಮರಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಹದಿನೈದು ನಿಮಿಷ ಸುಮ್ಮನೆ ಕೂತು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಪ್ರಾಣಿ ಇಳಿದ ಮೇಲೆ ಮೇಜನ್ನು ಒರೆಸುತ್ತಾರಾ? ಸಿಂಪಡಿಸಿದ ಔಷಧಿ ಕೆಲವು ನಿಮಿಷ ನಿಲ್ಲಲು ಬಿಡುತ್ತಾರಾ, ಇಲ್ಲ ತಕ್ಷಣ ಬಟ್ಟೆಯಲ್ಲಿ ಎಳೆದುಬಿಡುತ್ತಾರಾ? ವಾಂತಿ, ಭೇದಿ ಆಗುತ್ತಿರುವ ನಾಯಿ ಬಂದರೆ ಬೇರೆ ಕಡೆ ಕೂರಿಸುತ್ತಾರಾ? ಹೀಗೆ ವಾಂತಿ, ಭೇದಿ ತರಿಸಿ ಮರಿಗಳ ಜೀವಕ್ಕೇ ಎರವಾಗುವ ಪಾರ್ವೊ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ, ನೆಲ ಒರೆಸುವ ಎಷ್ಟೋ ಸೋಂಕುನಾಶಕಗಳಿಗೆ ಅದು ಸಾಯುವುದಿಲ್ಲ, ಸರಿಯಾಗಿ ಬೆರೆಸಿದ ಬ್ಲೀಚ್‌ಗೆ ಸಾಯುತ್ತದೆ. ನಿಮ್ಮ ಮರಿಗೆ ಲಸಿಕೆಗಳು ಪೂರ್ತಿ ಆಗುವವರೆಗೂ ಕ್ಲಿನಿಕ್‌ನ ನೆಲಕ್ಕೆ ಇಳಿಸಲೇಬೇಡಿ, ತೊಡೆಯ ಮೇಲೆಯೇ ಇರಲಿ. ಬೆಕ್ಕಿನ ಬುಟ್ಟಿಯ ಮೇಲೆ ಟವೆಲ್ ಹೊದಿಸಿ ನೆಲದ ಬದಲು ಎತ್ತರದ ಜಾಗದಲ್ಲಿಡಿ. ಹೆದರಿದ ಬೆಕ್ಕಿನ ಎದೆಬಡಿತವಾಗಲಿ ರಕ್ತದ ಸಕ್ಕರೆಯಾಗಲಿ ನಿಜ ಹೇಳುವುದಿಲ್ಲ. ಆ ಸುಳ್ಳು ಅಂಕಿಯಿಂದ ಬೇಡದ ಪರೀಕ್ಷೆಗಳು ಬೆನ್ನು ಹತ್ತುತ್ತವೆ.

ಎರಡನೆಯದು ಕೈ. ಒಳ್ಳೆಯ ಡಾಕ್ಟರು ಪ್ರಾಣಿಯನ್ನು ಮೂಗಿನಿಂದ ಬಾಲದವರೆಗೆ ಮುಟ್ಟಿ ನೋಡುತ್ತಾರೆ. ತೂಕ ಬರೆದುಕೊಳ್ಳುತ್ತಾರೆ, ತುಟಿ ಎತ್ತಿ ವಸಡು ನೋಡುತ್ತಾರೆ, ಕಿವಿಯೊಳಗೆ ಬೆಳಕು ಹಾಕುತ್ತಾರೆ, ಎದೆ ಆಲಿಸುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ದವಡೆ ಕೆಳಗಿನ ಮತ್ತು ಮೊಣಕಾಲ ಹಿಂದಿನ ಗ್ರಂಥಿಗಳನ್ನು ಬೆರಳಲ್ಲಿ ಹುಡುಕುತ್ತಾರೆ. ತೂಕವನ್ನೂ ನೋಡದೆ ಸೂಜಿ ಚುಚ್ಚುವ ಕಡೆ ಫೀಸು ಎಷ್ಟು ಕಡಿಮೆ ಇದ್ದರೂ ನಷ್ಟವೇ.

ಯಂತ್ರಗಳ ವಿಷಯ. ಎಲ್ಲ ಇರಬೇಕಿಲ್ಲ. ಆದರೆ ಸೂಕ್ಷ್ಮದರ್ಶಕ ಇರಲೇಬೇಕು, ಅದನ್ನು ದಿನವೂ ಬಳಸುವ ಅಭ್ಯಾಸವೂ ಇರಬೇಕು. ಕಿವಿಯ ಗುಗ್ಗೆ, ಚರ್ಮದಿಂದ ಕೆರೆದು ತೆಗೆದ ಚೂರು, ಮಲ, ಮೂತ್ರ, ರಕ್ತದ ಒಂದು ಹನಿ, ಇಷ್ಟನ್ನೂ ಅಲ್ಲೇ ನೋಡಿದರೆ ಊಹೆಯ ಮೇಲೆ ಕೊಡುವ ಔಷಧಿಯ ಖರ್ಚು ತಾನಾಗಿ ಇಳಿಯುತ್ತದೆ. ಸ್ಕ್ಯಾನ್, ಎಕ್ಸ್‌ರೇ ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ ಅಂತ ಕೇಳಿ. 'ಇದು ನನ್ನ ಕೈಲಾಗುವ ಕೆಲಸವಲ್ಲ, ಅಲ್ಲಿಗೆ ಹೋಗಿ' ಅನ್ನುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ಶಸ್ತ್ರಚಿಕಿತ್ಸೆಯ ಬಗ್ಗೆ ಈಗಲೇ ಕೇಳಿಟ್ಟುಕೊಳ್ಳಿ. ಅರಿವಳಿಕೆ ಕೊಟ್ಟಾಗ ಗಂಟಲಿಗೆ ಕೊಳವೆ ಹಾಕುತ್ತಾರಾ? ರಕ್ತನಾಳದಲ್ಲಿ ಸೂಜಿ ಉಳಿಸಿರುತ್ತಾರಾ? ಕೊಯ್ಯುವವರನ್ನು ಬಿಟ್ಟು ಉಸಿರು, ಆಮ್ಲಜನಕ, ಮೈಬಿಸಿ ನೋಡಲು ಇನ್ನೊಬ್ಬರು ಇರುತ್ತಾರಾ? ನೋವಿನ ಔಷಧಿ ಬಿಲ್ಲಿನಲ್ಲಿ ಸೇರಿದೆಯಾ? ಮುಗಿದ ಮೇಲಿನ ಮೊದಲ ಮೂರು ಗಂಟೆ ಪಕ್ಕದಲ್ಲಿ ಯಾರಿರುತ್ತಾರೆ? ಅಪಾಯ ಹೆಚ್ಚಿರುವ ಹೊತ್ತು ಅದು. ರಾತ್ರಿ ಉಳಿಸಿಕೊಂಡರೆ ಮನುಷ್ಯರು ಇರುತ್ತಾರಾ, ಬರೀ ಬೀಗ ಇರುತ್ತದಾ ಅನ್ನುವುದನ್ನೂ ಬಾಯಿಬಿಟ್ಟು ಕೇಳಿ.

ತುಂಬೆಹೂ:

ಬೂದುಬಾಲ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದಾಖಲೆಯ ಪ್ರತಿ ಕೇಳಿದಾಗ ಮುಖ ಗಂಟಿಕ್ಕದೆ ಕೊಡಬೇಕು. ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ, ಕೊಟ್ಟ ಚುಚ್ಚುಮದ್ದಿನ ಹೆಸರು ಮತ್ತು ಪ್ರಮಾಣ ನಿಮ್ಮ ಹತ್ತಿರ ಇದ್ದರೆ ಬೇರೆ ಕಡೆ ಹೋದಾಗ ಅದೇ ಪರೀಕ್ಷೆಗೆ ಎರಡನೇ ಸಲ ದುಡ್ಡು ಕೊಡಬೇಕಾಗುವುದಿಲ್ಲ.

ಈಗ ಬಿಡಲಾರದ ಖರ್ಚು. ಮರಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರು, ಆಮೇಲೆ 2ರಿಂದ 4 ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ಈ ಕೊನೆಯದನ್ನು ತಪ್ಪಿಸುವವರೇ ಹೆಚ್ಚು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೇ ತಿಂದುಹಾಕುತ್ತದೆ. ಅದು ಕೆಲವು ಮರಿಗಳಲ್ಲಿ ಬೇಗ ಇಳಿದರೆ ಕೆಲವದರಲ್ಲಿ ಹದಿನಾಲ್ಕು ಹದಿನೈದು ವಾರದವರೆಗೂ ಉಳಿಯುತ್ತದೆ. ಹನ್ನೆರಡು ವಾರಕ್ಕೇ ನಿಲ್ಲಿಸಿದರೆ ಹಿಂದಿನ ಎರಡೂ ವ್ಯರ್ಥವಾಗಿರಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಂದು ಬೂಸ್ಟರ್ ಬೇಕು. ಅದಾದ ಮೇಲೆ ಡಿಸ್ಟೆಂಪರ್, ಪಾರ್ವೊ, ಅಡಿನೊ ವೈರಸ್‌ಗಳ ಲಸಿಕೆ ವರ್ಷವರ್ಷ ಬೇಕಿಲ್ಲ, ಮೂರು ವರ್ಷಕ್ಕೊಮ್ಮೆ ಸಾಕು ಅನ್ನುವುದು ಜಾಗತಿಕ ಮಾರ್ಗಸೂಚಿ. ಇಲಿಜ್ವರದ ಲಸಿಕೆ ಮಾತ್ರ ವರ್ಷಕ್ಕೊಮ್ಮೆ. ರೇಬೀಸ್‌ಗೆ ನೀವಿರುವ ಕಡೆಯ ಕಾನೂನು ಹೇಳಿದಂತೆ. 'ಯಾವುದು ವರ್ಷದ್ದು, ಯಾವುದು ಮೂರು ವರ್ಷದ್ದು' ಅಂತ ಕೇಳುವುದು ಜಿಪುಣತನವಲ್ಲ.

ಲಸಿಕೆಯ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಿರಬೇಕು, ನಿಮ್ಮ ಕಣ್ಣೆದುರೇ ಬೆರೆಸಬೇಕು, ಅದರ ಚೀಟಿ ನಿಮ್ಮ ಪುಸ್ತಕಕ್ಕೆ ಅಂಟಬೇಕು. ಸಣ್ಣ ತಳಿ ಅಂತ ಅರ್ಧ ಸೀಸೆ ಕೊಡುವ ಪದ್ಧತಿ ತಪ್ಪು. ಲಸಿಕೆಯ ಪ್ರಮಾಣ ತೂಕಕ್ಕೆ ತಕ್ಕಂತೆ ಬದಲಾಗುವುದಿಲ್ಲ.

ಜಂತುಹುಳದ ಔಷಧಿಗೆ ಮಾತ್ರ ತೂಕವೇ ಲೆಕ್ಕ. ಮರಿ ವಾರದಿಂದ ವಾರಕ್ಕೆ ಬೆಳೆಯುತ್ತಿರುತ್ತದೆ, ಹಳೇ ತೂಕಕ್ಕೆ ಕೊಟ್ಟರೆ ಸಾಲದೆ ಹೋಗುತ್ತದೆ. ಎರಡನೇ ವಾರದಿಂದ ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ.

ಸಂತಾನಹರಣವನ್ನು ಸುಮ್ಮನೆ ಮುಂದೂಡುತ್ತಾ ಹೋಗಬೇಡಿ. ಗರ್ಭಕೋಶ ಉಳಿದಿರುವ ಹೆಣ್ಣುನಾಯಿಗೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಬಹುದು. ಆಗ ಮಾಡುವುದೂ ಗರ್ಭಕೋಶ ತೆಗೆಯುವ ಅದೇ ಶಸ್ತ್ರಚಿಕಿತ್ಸೆ. ಆದರೆ ನಂಜೇರಿದ ಮೈಗೆ, ಡ್ರಿಪ್ ಹಾಕಿ, ದಿನಗಟ್ಟಲೆ ಉಳಿಸಿಕೊಂಡು ಮಾಡಬೇಕು, ಬಿಲ್ಲು ಹಲವು ಪಟ್ಟು. ದೊಡ್ಡ ತಳಿಯಾದರೆ ಮೂಳೆ ಬೆಳೆಯಲು ಸ್ವಲ್ಪ ಕಾಯಿಸುತ್ತಾರೆ, ಸರಿಯಾದ ವಯಸ್ಸನ್ನು ಡಾಕ್ಟರೇ ಹೇಳಲಿ.

ಹೊಸಿಲು:

ತುಂಬಾ ಉಪಯೋಗವಾಯಿತು. ಎರಡು ಅನುಮಾನ. ಡಾಕ್ಟರು ಒಂದೇ ಸಲ ಐದಾರು ಪರೀಕ್ಷೆ ಬರೆದರೆ ಏನು ಕೇಳಬೇಕು? ಇನ್ನೊಂದು, ದೊಡ್ಡ ನಾಯಿಯ ಚಿಗಟದ ಔಷಧಿಯ ಒಂದು ಕೊಳವೆ ತಂದು ಮರಿಗೂ ಬೆಕ್ಕಿಗೂ ಹಂಚಿದರೆ ಉಳಿತಾಯ ಅನ್ನುತ್ತಾರಲ್ಲ, ಮಾಡಬಹುದಾ?

ಕಿವಿನೆಟ್ಟಗೆ:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ಜೀವದ ಮಾತು. ಮಾಡಲೇಬೇಡಿ. ನಾಯಿಯ ಎಷ್ಟೋ ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಕರಗಿಸಲಾರದು. ನಡುಕ, ಸೆಳೆತ, ಸಾವು. ಅದು ಇಲ್ಲದ ಔಷಧಿಯಾದರೂ ಕಣ್ಣಳತೆಯಲ್ಲಿ ಹಂಚಿದ ಹನಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಪ್ಯಾರಾಸಿಟಮಾಲ್ ಕೂಡ ಹೀಗೆಯೇ, ಬೆಕ್ಕಿಗೆ ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯಲು. ನಾಯಿಗೆ ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮನೆಯ ಔಷಧಿ ಡಬ್ಬಿ ಪ್ರಾಣಿಗಳಿಗಲ್ಲ.

ಚಿಗಟದಲ್ಲಿ ದುಡ್ಡು ಪೋಲಾಗುವ ಕಾರಣ ಬೇರೆ. ಮೈಮೇಲೆ ಕಾಣುವುದು ದೊಡ್ಡ ಚಿಗಟ ಮಾತ್ರ. ಮೊಟ್ಟೆ, ಮರಿಹುಳು, ಗೂಡು ಎಲ್ಲ ಹಾಸಿಗೆಯಲ್ಲಿ, ಚಾಪೆಯ ಸಂದಿಯಲ್ಲಿ ಇರುತ್ತವೆ, ಗೂಡಿನೊಳಗಿನದು ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ದಿನ, ಅವುಗಳದ್ದೇ ಔಷಧಿ, ಕನಿಷ್ಠ ಮೂರು ತಿಂಗಳು ಬಿಡದೆ. ಜೊತೆಗೆ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಒಂದು ತಿಂಗಳು ಹಾಕಿ ಬಿಟ್ಟರೆ ಮೂರು ತಿಂಗಳ ದುಡ್ಡನ್ನು ಎರಡು ಸಲ ಕೊಡುತ್ತೀರಿ.

ಪರೀಕ್ಷೆಯ ವಿಷಯಕ್ಕೆ ಬರೋಣ. 'ಇಷ್ಟೆಲ್ಲ ಬೇಕಾ?' ಅಂತ ಕೇಳಿದರೆ ಡಾಕ್ಟರಿಗೂ ಉತ್ತರ ಕೊಡುವುದು ಕಷ್ಟ. ಹೀಗೆ ಕೇಳಿ: 'ಈ ಪರೀಕ್ಷೆಯ ಫಲಿತಾಂಶ ಹೇಗೆ ಬಂದರೆ ಚಿಕಿತ್ಸೆ ಏನು ಬದಲಾಗುತ್ತದೆ?' ಏನೂ ಬದಲಾಗದಿದ್ದರೆ ಆ ಪರೀಕ್ಷೆ ಕಾಯಬಹುದು. ಮುಂದಿನ ಪ್ರಶ್ನೆ: 'ಒಂದೇ ಮಾಡಿಸಲು ಆಗುವುದಾದರೆ ಯಾವುದನ್ನು ಮಾಡುತ್ತೀರಿ?' ಮೂರನೆಯದು: 'ಎರಡು ದಿನ ನೋಡಿ ಮಾಡಿದರೆ ಅಪಾಯವೇನು? ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು?' ಕೈಯಲ್ಲಿ ಎಷ್ಟಿದೆ ಅನ್ನುವುದನ್ನು ಪರೀಕ್ಷೆ ಶುರುವಾಗುವ ಮೊದಲೇ ಹೇಳಿಬಿಡಿ. ಎಲ್ಲ ಮುಗಿದು ಬಿಲ್ಲು ಬಂದ ಮೇಲೆ ಹೇಳಿದರೆ ಚಿಕಿತ್ಸೆಗೆ ದುಡ್ಡೇ ಉಳಿದಿರುವುದಿಲ್ಲ. ಒಂದು ಕಾಯಿಲೆಗೆ ಮೂರು ಮಟ್ಟದ ಚಿಕಿತ್ಸೆ ಇರುವುದುಂಟು, ಮಿತಿ ಗೊತ್ತಿದ್ದರೆ ಡಾಕ್ಟರು ಅದರೊಳಗೇ ದಾರಿ ಹುಡುಕುತ್ತಾರೆ.

ಉದಾಹರಣೆಗೆ ಮತ್ತೆ ಮತ್ತೆ ಬರುವ ಕಿವಿನೋವು. ಹತ್ತಿಕಡ್ಡಿಯಲ್ಲಿ ಗುಗ್ಗೆ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ ನೋಡಲು ಹತ್ತು ನಿಮಿಷ. ಯೀಸ್ಟ್ ಕಂಡರೆ ಒಂದು ಔಷಧಿ, ಬ್ಯಾಕ್ಟೀರಿಯ ಕಂಡರೆ ಇನ್ನೊಂದು, ನುಸಿ ಕಂಡರೆ ಬೇರೆಯೇ. ಇದನ್ನು ನೋಡದೆ ಒಂದಾದ ಮೇಲೊಂದು ಹನಿ ಬದಲಿಸಿದರೆ ಕಿವಿಯ ನಾಳ ದಪ್ಪಗಟ್ಟಿ ಕೊನೆಗೆ ಶಸ್ತ್ರಚಿಕಿತ್ಸೆಗೇ ಬರುತ್ತದೆ. ಹನಿ ಹಾಕುವ ಮೊದಲು ಕಿವಿತಮಟೆ ಹರಿದಿಲ್ಲ ಅಂತಲೂ ನೋಡಬೇಕು, ಕೆಲವು ಹನಿಗಳು ಒಳಗಿವಿಗೆ ಇಳಿದರೆ ಕಿವುಡು ಬರಬಹುದು. ಕೆರೆತ ಕಡಿಮೆಯಾಯಿತು ಅಂತ ನೀವೇ ನಿಲ್ಲಿಸಬೇಡಿ, ಮರುಪರೀಕ್ಷೆಗೆ ಹೋಗಿ.

ಶಸ್ತ್ರಚಿಕಿತ್ಸೆಗೆ ಅಂದಾಜುಪಟ್ಟಿಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಕನಿಷ್ಠ ಮತ್ತು ಗರಿಷ್ಠ ಎರಡೂ ಇರಲಿ. ಮೊದಲ ರಕ್ತಪರೀಕ್ಷೆ, ಡ್ರಿಪ್, ನೋವಿನ ಔಷಧಿ, ಕೊರಳ ಕಾಲರ್, ಹೊಲಿಗೆ ಬಿಚ್ಚುವುದು, ಮರುಭೇಟಿ ಒಳಗಿವೆಯಾ ಅಂತ ಒಂದೊಂದಾಗಿ ಕೇಳಿ. ಎರಡು ಕ್ಲಿನಿಕ್‌ಗಳ ದರ ಹೋಲಿಸುವಾಗ ಇದೇ ಎಡವಟ್ಟಾಗುತ್ತದೆ, ಅಗ್ಗ ಕಂಡದ್ದರಲ್ಲಿ ಅರ್ಧ ಸಾಮಾನು ಹೊರಗಿರುತ್ತದೆ.

ದೀರ್ಘಕಾಲದ ಮಾತ್ರೆಯಾದರೆ ಜೆನೆರಿಕ್ ಇದೆಯಾ, ದೊಡ್ಡ ಮಾತ್ರೆಯನ್ನು ಮುರಿದು ಕೊಡಬಹುದಾ ಕೇಳಿ. ನಡುವೆ ಗೆರೆ ಇರುವುದನ್ನು ಮುರಿಯಬಹುದು. ಲೇಪ ಇರುವುದು, ನಿಧಾನವಾಗಿ ಬಿಡುಗಡೆಯಾಗುವುದು ಮುರಿದರೆ ಕೆಡುತ್ತದೆ.

ತುಂಬೆಹೂ:

ಮನೆಯಲ್ಲೇ ತಗ್ಗಿಸಬಹುದಾದ ಎರಡು ದೊಡ್ಡ ಖರ್ಚು ಹಲ್ಲು ಮತ್ತು ತೂಕ. ಹಲ್ಲಿನ ಮೇಲಿನ ಪಾಚಿ ಎರಡು ಮೂರು ದಿನದಲ್ಲಿ ಗಟ್ಟಿ ಕಿಟ್ಟವಾಗುತ್ತದೆ. ವಾರಕ್ಕೊಮ್ಮೆ ಉಜ್ಜಿದರೆ ಪ್ರಯೋಜನವಿಲ್ಲ, ದಿನವೂ ಇಲ್ಲವೇ ದಿನ ಬಿಟ್ಟು ದಿನ ಉಜ್ಜಬೇಕು. ಮೆತ್ತಗಿನ ಬ್ರಷ್, ಪ್ರಾಣಿಗಳದ್ದೇ ಪೇಸ್ಟ್, ಹೊರಗಿನ ಬದಿ ಸಾಕು. ನಮ್ಮ ಪೇಸ್ಟ್ ಬೇಡ, ಕೆಲವದರಲ್ಲಿರುವ ಜೈಲಿಟಾಲ್ (xylitol) ಎಂಬ ಸಿಹಿಕಾರಕ ನಾಯಿಗೆ ವಿಷ. ಅರಿವಳಿಕೆ ಇಲ್ಲದೆ ಹಲ್ಲು ಕೆರೆಯುವುದು ಅಗ್ಗ ಅನ್ನಿಸುತ್ತದೆ, ಆದರೆ ಕಾಯಿಲೆ ಇರುವುದು ವಸಡಿನ ಕೆಳಗೆ. ಮೇಲೆ ಬೆಳ್ಳಗಾಗಿ ಒಳಗೆ ಕೊಳೆಯುತ್ತಿರುತ್ತದೆ.

ಊಟವನ್ನು ಲೋಟದ ಬದಲು ತಕ್ಕಡಿಯಲ್ಲಿ ಅಳೆಯಿರಿ. ಸಂತಾನಹರಣವಾದ 10 ಕಿಲೋ ನಾಯಿಗೆ ದಿನಕ್ಕೆ ಸುಮಾರು 630 ಕಿಲೋಕ್ಯಾಲರಿ, 4 ಕಿಲೋ ಬೆಕ್ಕಿಗೆ ಸುಮಾರು 240. ತಿಂಡಿತಿನಿಸು ಅದರ ಹತ್ತರಲ್ಲೊಂದು ಪಾಲು ಮೀರಬಾರದು. ಇದು ಶುರುಮಾಡಲು ಒಂದು ಲೆಕ್ಕ ಅಷ್ಟೇ, ಪಕ್ಕೆಲುಬು ಕೈಗೆ ಸಲೀಸಾಗಿ ಸಿಗುತ್ತದಾ ಅಂತ ತಿಂಗಳಿಗೊಮ್ಮೆ ಮುಟ್ಟಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕೀಲುನೋವು, ಬೆಕ್ಕಿನ ಸಕ್ಕರೆ ಕಾಯಿಲೆ ಎರಡಕ್ಕೂ ಬೊಜ್ಜು ದಾರಿ ಮಾಡಿಕೊಡುತ್ತದೆ, ಎರಡಕ್ಕೂ ಎಷ್ಟೋ ಸಲ ಜೀವಮಾನವಿಡೀ ಔಷಧಿ ಬೇಕಾಗುತ್ತದೆ.

ಬೂದುಬಾಲ:

ಕೊನೆಯದಾಗಿ ತುರ್ತು. ನಿಮ್ಮ ಗಂಡು ಬೆಕ್ಕು ಮಲಮೂತ್ರಕ್ಕೆಂದು ಮಣ್ಣು ಹಾಕಿಟ್ಟ ತಟ್ಟೆಗೆ ಮತ್ತೆ ಮತ್ತೆ ಹೋಗಿ ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದರೆ ಬೆಳಗಾಗಲು ಕಾಯಬೇಡಿ. ಮಲಬದ್ಧತೆ ಅಂದುಕೊಂಡು ಮನೆಮದ್ದು ಮಾಡುತ್ತಾ ಕೂತವರ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ಎದೆ ಆಳವಾಗಿರುವ ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಅದೂ ಹೀಗೆಯೇ, ಅಲ್ಲಿ ಗಂಟೆಗಳ ಲೆಕ್ಕ. ವಸಡು ಬಿಳಿಚಿಕೊಂಡರೆ, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ, ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೆ ಫೋನ್ ಮಾಡಿ.

ವಿಮೆ ಮಾಡಿಸುವುದಾದರೆ ಮರಿ ಆರೋಗ್ಯವಾಗಿರುವ ಈಗಲೇ ಮಾಡಿಸಿ, ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಕಾಯುವ ಅವಧಿ, ನೀವೇ ಭರಿಸಬೇಕಾದ ಪಾಲು, ವರ್ಷದ ಮಿತಿ ಓದಿ. ಒಂದು ಮೊಣಕಾಲು ಕೆಟ್ಟಿದ್ದರೆ ಇನ್ನೊಂದನ್ನೂ ಹೊರಗಿಡುವ ಷರತ್ತು ಕೆಲವದರಲ್ಲಿ ಇರುತ್ತದೆ. ವಿಮೆ ಬೇಡವೆಂದರೆ ಅದೇ ಕಂತನ್ನು ತಿಂಗಳಿಗೊಮ್ಮೆ ಬೇರೆ ಖಾತೆಗೆ ಹಾಕಿ. ಮೊದಲ ಗುರಿ ಒಂದು ರಾತ್ರಿಯ ತುರ್ತು ಭೇಟಿ ಮತ್ತು ಒಂದು ಹೊಟ್ಟೆಯ ಶಸ್ತ್ರಚಿಕಿತ್ಸೆಯಷ್ಟು. ಎರಡರ ದರವನ್ನೂ ಇವತ್ತೇ ಕ್ಲಿನಿಕ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಪಶುವೈದ್ಯ ಕಾಲೇಜಿನ ಆಸ್ಪತ್ರೆ ಹತ್ತಿರವಿದ್ದರೆ ಅಲ್ಲೂ ವಿಚಾರಿಸಿ, ದರ ಎಷ್ಟೋ ಸಲ ಕಡಿಮೆ, ಕಾಯುವುದು ಮಾತ್ರ ಹೆಚ್ಚು.

ನಿಮ್ಮ ಮೂರು ಕ್ಲಿನಿಕ್‌ಗಳಲ್ಲಿ ಹತ್ತಿರದ್ದರ ಕೈ ಚೆನ್ನಾಗಿದ್ದು ಸೂಕ್ಷ್ಮದರ್ಶಕ ಇದ್ದರೆ ದಿನನಿತ್ಯಕ್ಕೆ ಅದನ್ನೇ ಇಟ್ಟುಕೊಳ್ಳಿ. ಯಂತ್ರಗಳಿರುವಲ್ಲಿ ಒಂದು ಸಲ ಹೆಸರು ಬರೆಸಿ, ರಾತ್ರಿ ತೆರೆದಿರುತ್ತದಾ ಕೇಳಿ ಬನ್ನಿ. ಎರಡರ ಫೋನ್ ಸಂಖ್ಯೆ, ಎರಡೂ ಪ್ರಾಣಿಗಳ ಈಚಿನ ತೂಕ, ಕೊಡುತ್ತಿರುವ ಔಷಧಿ, ಕೊನೆಯ ಲಸಿಕೆಯ ದಿನಾಂಕ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಬೆಕ್ಕಿನ ಬುಟ್ಟಿಗೆ ಕಟ್ಟಿಡಿ.